ಪಿಸಿಎಂಸಿಯ ಕೊನೆಯ ‘ಸಿ’

ಎಸ್ಸೆಸ್ಸೆಲ್ಸಿ ಫಲಿತಾಂಶ ಬಂದಾಗ ನಮ್ಮ ಮಿಶ್ರಿಕೋಟಿಯಲ್ಲಿ ಅಂಕ ಎಷ್ಟು ಎಂದು ಕೇಳುವುದು ಒಂದೇ ದಿನಕ್ಕೆ ಮುಗಿಯುತ್ತದೆ. ಮರುದಿನದಿಂದ ‘ಯಾವುದಕ್ಕ ಹಚ್ಚತೀರಿ?’ ಶುರು. ಎಂಬತ್ತರ ಮೇಲಿದ್ದರೆ ಸೈನ್ಸ್, ಅರವತ್ತರ ಮೇಲಿದ್ದರೆ ಕಾಮರ್ಸ್, ಉಳಿದವರಿಗೆ ಆರ್ಟ್ಸ್. ಯಾವ ಸರ್ಕಾರಿ ಆದೇಶದಲ್ಲೂ ಇಲ್ಲದ ಈ ಕಾನೂನನ್ನು ಪಾಲಿಸುವಷ್ಟು ನಿಷ್ಠೆಯಿಂದ ನಾವು ಬೇರೆ ಯಾವ ಕಾನೂನನ್ನೂ ಪಾಲಿಸುವುದಿಲ್ಲ. ಇದಕ್ಕೊಂದು ಉಪನಿಯಮವೂ ಉಂಟು: ಹುಡುಗಿಯಾದರೆ ಅಂಕಕ್ಕಿಂತ ಮೊದಲು ನೋಡುವುದು ಬಸ್ಸಿನ ವೇಳೆಯನ್ನು. ಲ್ಯಾಬ್ ಮುಗಿಸಿ ಹುಬ್ಬಳ್ಳಿಯಿಂದ ಬರುವಷ್ಟರಲ್ಲಿ ಕತ್ತಲಾಗುತ್ತದೆ ಎಂದಾದರೆ ಅಲ್ಲಿಗೆ ಸೈನ್ಸ್ ಮುಗಿಯಿತು.

ಕಂಪ್ಯೂಟರ್ ಕಲಿಯಬೇಕು, ಪ್ರೋಗ್ರಾಮಿಂಗ್ ಮಾಡಬೇಕು ಎನ್ನುವ ಮಗುವಿಗೆ ಎಲ್ಲರೂ ಕೊಡುವ ಉತ್ತರ ಒಂದೇ: ಪಿಸಿಎಂಸಿ ತಗೋ. ಭೌತಶಾಸ್ತ್ರ, ರಸಾಯನಶಾಸ್ತ್ರ, ಗಣಿತ, ಕೊನೆಗೆ ಕಂಪ್ಯೂಟರ್ ಸೈನ್ಸ್. ಆ ಕೊನೆಯ ‘ಸಿ’ ಇಲ್ಲದಿದ್ದರೆ ಕಂಪ್ಯೂಟರಿನ ಬಾಗಿಲೇ ಮುಚ್ಚಿತು ಎಂಬಂತೆ ಹೇಳುತ್ತಾರೆ. ಪ್ರತಿ ಬೇಸಿಗೆಯಲ್ಲಿ ಹಳ್ಳಿಹಳ್ಳಿಗೆ ಪಾಂಪ್ಲೆಟ್ ಹಿಡಿದು ಬರುವ ಖಾಸಗಿ ಕಾಲೇಜಿನವರು ಹೇಳುತ್ತಾರೆ, ಅವರನ್ನು ನಂಬಿ ಶಾಲೆಯ ಸರ್ ಹೇಳುತ್ತಾರೆ, ಸರ್ ಹೇಳಿದ್ದನ್ನು ಕಾಕಾ ಹೇಳುತ್ತಾರೆ. ಇದು ಸುಳ್ಳು.

ನಿಯಮವನ್ನೇ ನೋಡಿ. ನಮ್ಮ ರಾಜ್ಯದಲ್ಲಿ ಇಂಜಿನಿಯರಿಂಗ್ ಸೇರಲು ಪಿಯುಸಿಯಲ್ಲಿ ಭೌತಶಾಸ್ತ್ರ ಮತ್ತು ಗಣಿತ ಕಡ್ಡಾಯ. ಮೂರನೆಯದು ರಸಾಯನಶಾಸ್ತ್ರ, ಜೀವಶಾಸ್ತ್ರ, ಎಲೆಕ್ಟ್ರಾನಿಕ್ಸ್, ಕಂಪ್ಯೂಟರ್ ಇಂಥವುಗಳಲ್ಲಿ ಒಂದಾದರೆ ಆಯಿತು. ಸಿಇಟಿಯಲ್ಲಿ ಭೌತಶಾಸ್ತ್ರ, ರಸಾಯನಶಾಸ್ತ್ರ, ಗಣಿತಕ್ಕೆ ತಲಾ 60 ಅಂಕ. ರ‍್ಯಾಂಕ್ ಹಾಕುವಾಗ ಸಿಇಟಿಗೆ ಅರ್ಧ ತೂಕ, ಪಿಯುಸಿಯ ಇದೇ ಮೂರು ವಿಷಯಗಳಿಗೆ ಅರ್ಧ ತೂಕ. ಪಿಸಿಎಂಸಿಯ ಹುಡುಗ ಕಂಪ್ಯೂಟರ್ ಸೈನ್ಸಿನಲ್ಲಿ ನೂರಕ್ಕೆ ನೂರು ತೆಗೆದರೂ ಆ ನೂರು ಅವನ ರ‍್ಯಾಂಕಿಗೆ ಕೂಡುವುದಿಲ್ಲ. ಪಕ್ಕದ ಬೆಂಚಿನಲ್ಲಿ ಕೂತು ಕಪ್ಪೆ, ಹೂವುಗಳ ಚಿತ್ರ ಬರೆದ ಪಿಸಿಎಂಬಿಯ ಹುಡುಗಿ ಅವನಷ್ಟೇ ಹಕ್ಕಿನಿಂದ ಕಂಪ್ಯೂಟರ್ ಸೈನ್ಸ್ ಶಾಖೆಗೆ ಹೋಗುತ್ತಾಳೆ. ದೂರದ ಕೇಂಬ್ರಿಜ್ ವಿಶ್ವವಿದ್ಯಾಲಯದಲ್ಲೂ ಕಂಪ್ಯೂಟರ್ ವಿಜ್ಞಾನ ಸೇರುವವರು ಶಾಲೆಯಲ್ಲಿ ಗಣಿತ ಓದಿರಬೇಕು, ಕಂಪ್ಯೂಟರ್ ಓದಿರಲೇಬೇಕು ಎಂದಿಲ್ಲ.

ಬೇರೆ ದಾರಿಗಳೂ ಇವೆ. ಎಸ್ಸೆಸ್ಸೆಲ್ಸಿ ಮುಗಿಸಿ ಮೂರು ವರ್ಷದ ಡಿಪ್ಲೊಮಾ ಮಾಡಿದರೆ ಡಿಸಿಇಟಿ ಬರೆದು ನೇರವಾಗಿ ಇಂಜಿನಿಯರಿಂಗ್ ಎರಡನೇ ವರ್ಷಕ್ಕೆ ಸೇರಬಹುದು. ವಾಣಿಜ್ಯ ಓದಿದವರು ಬಿಸಿಎಗೆ ಹೋಗುತ್ತಾರೆ. ಎಂಸಿಎಯಂತೂ ಬಿ.ಎ. ಪದವೀಧರರನ್ನೂ ಒಳಗೆ ಬಿಟ್ಟುಕೊಂಡಿದೆ. ಅದು ಕೇಳುತ್ತಾ ಬಂದಿರುವುದು ಪಿಯುಸಿಯಲ್ಲೋ ಪದವಿಯಲ್ಲೋ ಗಣಿತ ಓದಿದ್ದೀರಾ ಎಂದು. ಯಾವ ದಾರಿ ಹಿಡಿದರೂ ಅಲ್ಲೊಂದು ಕಡೆ ಗಣಿತ ಎದುರಾಗುತ್ತದೆ.

ನನ್ನ ತಕರಾರು ಇರುವುದು ಇಲ್ಲಿಯೇ. ಕಲಘಟಗಿ, ಕುಂದಗೋಳ, ನವಲಗುಂದದ ಕಡೆ ಕಲಾ ವಿಭಾಗ ಎಂದರೆ ಇತಿಹಾಸ, ಅರ್ಥಶಾಸ್ತ್ರ, ರಾಜ್ಯಶಾಸ್ತ್ರ, ಸಮಾಜಶಾಸ್ತ್ರ. ಹದಿನಾರನೆಯ ವಯಸ್ಸಿಗೆ ಗಣಿತದ ಪುಸ್ತಕವನ್ನು ರದ್ದಿಗೆ ಹಾಕಿಸುವ ವ್ಯವಸ್ಥೆ ಇದು. ಮಗುವಿಗೆ ಗಣಿತ ಬರುವುದಿಲ್ಲ ಎಂದು ಯಾರೂ ಪರೀಕ್ಷಿಸಿ ನೋಡಿರುವುದಿಲ್ಲ. ಇಂಗ್ಲಿಷಿನಲ್ಲಿ ಅಂಕ ಕಡಿಮೆ ಬಂದಿರುತ್ತದೆ, ಅಥವಾ ಸೈನ್ಸ್ ಇರುವ ಕಾಲೇಜು ದೂರವಿರುತ್ತದೆ, ಅಥವಾ ಸೋಯಾಬೀನ್ ದರ ಬಿದ್ದ ವರ್ಷವಾಗಿರುತ್ತದೆ. ಇಷ್ಟಕ್ಕೇ ಒಂದು ಬದುಕಿನಿಂದ ಒಂದಿಡೀ ವಿದ್ಯೆಯನ್ನು ಕಿತ್ತುಹಾಕುತ್ತೇವೆ, ಆಮೇಲೆ ‘ಅವಳಿಗೆ ಆರ್ಟ್ಸ್ ಇಷ್ಟ ಇತ್ತು’ ಎನ್ನುತ್ತೇವೆ.

ಹೇಗೋ ಸೈನ್ಸಿಗೆ ಹಚ್ಚಿದವರ ಪಾಡು ಇನ್ನೊಂದು. ಹತ್ತು ವರ್ಷ ‘ವೇಗೋತ್ಕರ್ಷ’ ಎಂದು ಕಲಿತ ಮಗು ಜೂನಿನ ಒಂದು ಬೆಳಿಗ್ಗೆ ‘ಆಕ್ಸಲರೇಶನ್’ ಕೇಳಿ ಕಕ್ಕಾಬಿಕ್ಕಿಯಾಗುತ್ತದೆ. ಗೊತ್ತಿದ್ದ ವಿಷಯವೇ, ಆದರೆ ಗೊತ್ತಿದೆ ಎಂಬುದು ಅದಕ್ಕೆ ಗೊತ್ತಾಗುವಷ್ಟರಲ್ಲಿ ಮೊದಲ ಕಿರುಪರೀಕ್ಷೆ ಮುಗಿದಿರುತ್ತದೆ. ಸಿಇಟಿಯಲ್ಲಿ ಹಳ್ಳಿಯ ಶಾಲೆಯಲ್ಲಿ ಓದಿದವರಿಗೆ ಶೇ. 15, ಕನ್ನಡ ಮಾಧ್ಯಮದವರಿಗೆ ಶೇ. 5 ಮೀಸಲಾತಿ ಇದೆ. ಒಳ್ಳೆಯದೇ. ಆದರೆ ಅದು ಸಿಗುವುದು ಈ ಎರಡು ವರ್ಷ ದಾಟಿ ಬದುಕುಳಿದವರಿಗೆ. ಮೊದಲ ಪಿಯುಸಿಯಲ್ಲೇ ಸೋತು ಕಲಾ ವಿಭಾಗಕ್ಕೆ ಮರಳಿದ ಮಗುವಿಗೆ ಆ ಶೇಕಡಾವಾರು ಏನು ಕೊಟ್ಟೀತು? 2021ರಲ್ಲಿ ಎಐಸಿಟಿಇ ಕನ್ನಡದಲ್ಲೂ ಇಂಜಿನಿಯರಿಂಗ್ ಕಲಿಸಬಹುದು ಎಂದಾಗ ನಾವೆಲ್ಲ ಚಪ್ಪಾಳೆ ತಟ್ಟಿದೆವು. ನಡುವಿನ ಪಿಯುಸಿಯ ಬಗ್ಗೆ ಮಾತಾಡಿದವರು ಕಡಿಮೆ. ನಮ್ಮದೇ ಜಿಲ್ಲೆಯಲ್ಲಿ ಐಐಟಿ ಇದೆ, ಐಐಐಟಿ ಇದೆ. ಊರಿನವರು ಅವುಗಳ ಕಾಂಪೌಂಡ್ ಗೋಡೆ ನೋಡಿಕೊಂಡು ಬರುತ್ತಾರೆ.

ಇಷ್ಟಕ್ಕೆಲ್ಲ ಸರ್ಕಾರವನ್ನು ಬೈದು ಮುಗಿಸಬಹುದಿತ್ತು. ಆದರೆ ಈ ಪತ್ರಿಕೆ ಓದುವ ನಮ್ಮಂಥವರ ಬಗ್ಗೆಯೂ ಹೇಳಬೇಕು. ನಾನು ಕನ್ನಡದಲ್ಲಿ ಸಂಶೋಧನೆ ಮಾಡುವವಳು. ವಚನಗಳಲ್ಲಿ ಒಂದು ಪದ ಯಾರಲ್ಲಿ ಎಷ್ಟು ಸಲ, ಯಾವ ಪದದ ಜೊತೆ ಬಂದಿದೆ ಎಂದು ನೋಡಲು ತಿಂಗಳುಗಟ್ಟಲೆ ಚೀಟಿ ಬರೆಯುವವರನ್ನು ಕಂಡಿದ್ದೇನೆ. ಪಠ್ಯ ಕಂಪ್ಯೂಟರಿನಲ್ಲಿದ್ದರೆ ಅದು ಇಪ್ಪತ್ತು ಸಾಲಿನ ಪ್ರೋಗ್ರಾಮಿನ ಕೆಲಸ. ಇದನ್ನು ಹೇಳಿದರೆ ನಮ್ಮಲ್ಲಿ ಸಿಗುವ ಉತ್ತರ: ‘ಅದು ಟೆಕ್ಕಿಗಳ ಕೆಲಸ, ನಮಗ್ಯಾಕೆ?’ ತೇಜಸ್ವಿ ಓದಿದ್ದು ಕನ್ನಡ ಎಂ.ಎ.; ಕನ್ನಡ ತಂತ್ರಾಂಶಕ್ಕಾಗಿ ಅವರಷ್ಟು ಜಗಳವಾಡಿದ ಲೇಖಕರು ಎಷ್ಟು ಜನ? ಮಕ್ಕಳಿಗಾಗಿ 1967ರಲ್ಲಿ ಅಮೆರಿಕದಲ್ಲಿ ಹುಟ್ಟಿದ ಲೋಗೊ ಎಂಬ ಪ್ರೋಗ್ರಾಮಿಂಗ್ ಭಾಷೆಯನ್ನು ಕನ್ನಡಕ್ಕೆ ತಂದ ಯು.ಬಿ. ಪವನಜ ರಸಾಯನಶಾಸ್ತ್ರ ಓದಿ ಬಾಬಾ ಅಣು ಸಂಶೋಧನಾ ಕೇಂದ್ರದಲ್ಲಿ ವಿಜ್ಞಾನಿಯಾಗಿದ್ದವರು. ಕನ್ನಡದಲ್ಲೇ ಆದೇಶ ಕೊಟ್ಟು ಪರದೆಯ ಮೇಲೆ ಆಮೆಯನ್ನು ಓಡಿಸಿ ಚೌಕ, ತ್ರಿಕೋನ ಬಿಡಿಸುವ ಆಟ ಅದು. ಆ ಕನ್ನಡ ಲೋಗೊ ಹಳ್ಳಿಯ ಪ್ರತಿ ಹೈಸ್ಕೂಲಿನಲ್ಲಿ ಇರಬೇಕಿತ್ತು. ಎಷ್ಟು ಕನ್ನಡ ಮೇಷ್ಟ್ರುಗಳು ಅದರ ಹೆಸರು ಕೇಳಿದ್ದಾರೆ ಎಂದು ವಿಚಾರಿಸಿ ನೋಡಿ.

ಈಗೆಲ್ಲ ಕೋಡನ್ನು ಎಐ ಬರೆಯುತ್ತದಲ್ಲ, ಕಲಿತು ಏನು ಮಾಡುವುದು ಎನ್ನುವವರಿಗೆ ನನ್ನದೊಂದು ಪ್ರಶ್ನೆ: ಅದು ಬರೆದದ್ದು ಸರಿಯೋ ತಪ್ಪೋ ಎಂದು ಓದಿ ಹೇಳುವವರು ಯಾರು? ಈ ಮಾತನ್ನು ಹೇಳುವವರ ಮಕ್ಕಳಂತೂ ಬೆಂಗಳೂರಿನಲ್ಲಿ ಕೋಡಿಂಗ್ ಕ್ಲಾಸಿಗೆ ಹೋಗುತ್ತಲೇ ಇದ್ದಾರೆ.

ನಾನು ಕೇಳುತ್ತಿರುವುದು ದೊಡ್ಡದೇನಲ್ಲ. ಪಂಪನ ಹೆಸರು ಹೇಳಿ ಹೆಮ್ಮೆಪಡುವ ಅಣ್ಣಿಗೇರಿಯಿಂದ ಹಿಡಿದು ಕಲಘಟಗಿಯವರೆಗೆ ಹಳ್ಳಿ ಮಕ್ಕಳು ಹೋಗುವ ಪ್ರತಿ ಸರ್ಕಾರಿ ಪಿಯು ಕಾಲೇಜಿನ ಕಲಾ ವಿಭಾಗದಲ್ಲಿ ಗಣಿತವನ್ನು ಆಯ್ದುಕೊಳ್ಳಲು ಅವಕಾಶ ಇರಲಿ. ಅದನ್ನು ಕನ್ನಡದಲ್ಲಿ ಹೇಳಿಕೊಡುವ ಒಬ್ಬ ಉಪನ್ಯಾಸಕ ಇರಲಿ. ಲ್ಯಾಬಿಗೆ ಹೊಂದುವಂತೆ ಸಂಜೆ ಒಂದು ಬಸ್ ಬಿಡಲಿ. ಇಷ್ಟಾಗುವವರೆಗೆ, ಫಲಿತಾಂಶದ ವಾರ ಯಾರಾದರೂ ನಿಮ್ಮನ್ನು ‘ಕಂಪ್ಯೂಟರ್ ಓದಾಕ ಯಾವ ಕಾಂಬಿನೇಷನ್ ತಗೋಬೇಕ್ರಿ?’ ಎಂದು ಕೇಳಿದರೆ, ಪಿಸಿಎಂಸಿ ಎನ್ನುವ ಮೊದಲು ಆ ಮಗುವಿನ ಗಣಿತದ ನೋಟ್‌ಬುಕ್ ತರಿಸಿ ನೋಡಿ.