ಹೊಸ ಹಾಡು ನಡುಮನೆಯಲ್ಲಿ ಕೇಳಿಸಲಿ

ವಾರದ ಕೊನೆ ಬಂತೆಂದರೆ ಹೊಸ ಹಾಡುಗಳೂ ಬರುತ್ತವೆ. 2015ರ ಜುಲೈ 10ರಿಂದ ಹಲವು ದೇಶಗಳ ಧ್ವನಿಮುದ್ರಣ ಕಂಪನಿಗಳು ಹೊಸ ಸಂಗೀತದ ಬಿಡುಗಡೆಗೆ ಶುಕ್ರವಾರವನ್ನೇ ಗೊತ್ತುಮಾಡಿಕೊಂಡಿವೆ. ಈ ವಾರ ಯಾವ ಹಾಡು ಕೇಳಬೇಕೆಂದು ಹೇಳುವವರು ಬೇಕಾದಷ್ಟು ಮಂದಿ ಇದ್ದಾರೆ. ಹೇಗೆ ಕೇಳಬೇಕೆಂಬುದು ಮಾತ್ರ ಆರೋಗ್ಯಕ್ಕೆ ಸೇರಿದ ವಿಚಾರ.

1978ರಲ್ಲಿ ನಿಸಾರ್ ಅಹಮದ್ ಅವರ ಕವಿತೆಗಳಿಗೆ ಮೈಸೂರು ಅನಂತಸ್ವಾಮಿಯವರು ರಾಗ ಹಾಕಿದ ‘ನಿತ್ಯೋತ್ಸವ’ ಕ್ಯಾಸೆಟ್ ಬಂದಾಗ ಬಸವನಗುಡಿ, ಮಲ್ಲೇಶ್ವರದ ಮನೆಗಳಲ್ಲಿ ಹೊಸ ಹಾಡೆಂದರೆ ಎಲ್ಲರ ಹಾಡು. ಟೇಪ್ ರೆಕಾರ್ಡರ್ ಒಂದೇ, ಕೇಳುವವರು ಮನೆಮಂದಿಯೆಲ್ಲ. ಸದ್ದು ಜಾಸ್ತಿಯಾದರೆ ಒಳಗಿನಿಂದ ಯಾರಾದರೂ ‘ಸ್ವಲ್ಪ ಸಣ್ಣಗೆ ಮಾಡಪ್ಪ’ ಎನ್ನುತ್ತಿದ್ದರು. ಆ ಒಂದು ಮಾತು ಎಷ್ಟೋ ಕಿವಿಗಳನ್ನು ಕಾಪಾಡಿತು. ಇಂದು ಹಾಡು ಇಯರ್‌ಫೋನಿನೊಳಗೆ ಸೇರಿಕೊಂಡಿದೆ. ಮಗ ಎಷ್ಟು ಜೋರಾಗಿ ಕೇಳುತ್ತಿದ್ದಾನೆಂದು ಪಕ್ಕದಲ್ಲೇ ಕುಳಿತ ತಾಯಿಗೂ ತಿಳಿಯುವುದಿಲ್ಲ.

ಒಳಗಿವಿಯಲ್ಲಿ ಶಬ್ದವನ್ನು ಗ್ರಹಿಸುವ ಸೂಕ್ಷ್ಮ ರೋಮಕೋಶಗಳಿರುವುದು ಸುಮಾರು 15 ಸಾವಿರ. ಸತ್ತ ಕೋಶ ಮತ್ತೆ ಹುಟ್ಟುವುದಿಲ್ಲ. ವಿಶ್ವ ಆರೋಗ್ಯ ಸಂಸ್ಥೆಯ ಪ್ರಕಾರ ದೊಡ್ಡವರು 80 ಡೆಸಿಬಲ್ ಸದ್ದನ್ನು ವಾರಕ್ಕೆ 40 ಗಂಟೆ ಕೇಳಬಹುದು. 90 ಡೆಸಿಬಲ್ ಆದರೆ ವಾರಕ್ಕೆ 4 ಗಂಟೆ, 100 ಆದರೆ ಸುಮಾರು 20 ನಿಮಿಷ ಮಾತ್ರ. ಮಕ್ಕಳಿಗೆ ಮಿತಿ ಇನ್ನೂ ಕಡಿಮೆ, 75 ಡೆಸಿಬಲ್. ಬಸ್ಸು, ಆಟೋಗಳ ಗದ್ದಲವನ್ನು ಮುಚ್ಚಲು ವಾಲ್ಯೂಮ್ ಏರಿಸುವವರು ಈ ಲೆಕ್ಕವನ್ನು ಬೇಗ ದಾಟಿಬಿಡುತ್ತಾರೆ.

ಹಿರಿಯರ ಕಷ್ಟ ಬೇರೆ ಬಗೆಯದು. ಕಿವಿ ಮಂದವಾದವರು ಮಾತುಕತೆಯಿಂದ ಹಿಂದೆ ಸರಿಯುತ್ತಾರೆ, ಮನೆಯವರೂ ಅವರೊಡನೆ ಮಾತು ಕಡಿಮೆ ಮಾಡುತ್ತಾರೆ. ಮುಪ್ಪಿನ ಮರೆವಿನ ಕಾಯಿಲೆಗೆ ದಾರಿ ಮಾಡಿಕೊಡುವ, ಆದರೆ ತಡೆಯಲು ಸಾಧ್ಯವಿರುವ ಕಾರಣಗಳಲ್ಲಿ ಕಿವುಡುತನವೂ ಒಂದೆಂದು ‘ಲ್ಯಾನ್ಸೆಟ್’ ಪತ್ರಿಕೆಯ ತಜ್ಞರ ಆಯೋಗ 2017ರಿಂದಲೂ ಹೇಳುತ್ತಿದೆ.

ಆದ್ದರಿಂದ ನನ್ನ ಸಲಹೆ ಇಷ್ಟೆ. ಈ ಭಾನುವಾರ ಮನೆಯ ಕಿರಿಯರು ತಮಗಿಷ್ಟವಾದ ಒಂದು ಹೊಸ ಹಾಡು ಆರಿಸಲಿ. ಅದನ್ನು ಸ್ಪೀಕರಿನಲ್ಲಿ ಹದವಾಗಿ ಹಾಕಿ, ಎಲ್ಲರೂ ಕುಳಿತು ಎರಡು ಸಲ ಕೇಳಿ. ಹಿರಿಯರು ಮೊದಲ ಸಲಕ್ಕೇ ‘ಇದೂ ಒಂದು ಸಂಗೀತವೇ?’ ಎನ್ನಬಾರದು. ಆಮೇಲೆ ಹಿರಿಯರು ಆರಿಸಿದ್ದನ್ನು ಕಿರಿಯರು ಕೇಳಲಿ. ಜೋಡಿ ಬೇಕೆಂದರೆ ಶರೀಫರ ತತ್ವಪದಗಳಿವೆ: 1990ರ ‘ಸಂತ ಶಿಶುನಾಳ ಷರೀಫ’ ಚಿತ್ರಕ್ಕೆ ಸಿ. ಅಶ್ವತ್ಥ್ ಮಾಡಿದ ಸಂಗೀತ ಒಂದು ಕಡೆ, 2008ರಲ್ಲಿ ಬಂದ ರಘು ದೀಕ್ಷಿತ್ ಅವರ ಮೊದಲ ಆಲ್ಬಮ್ ಇನ್ನೊಂದು ಕಡೆ. ಅದೇ ಶರೀಫರು, ಎರಡು ತಲೆಮಾರಿನ ದನಿ. ಮಾತಿಗೆ ಬೇಕಾದಷ್ಟು ವಿಷಯ ಸಿಗುತ್ತದೆ. ತಿಂಗಳಿಗೊಮ್ಮೆಯಾದರೂ ಕೃಷ್ಣರಾಜೇಂದ್ರ ರಸ್ತೆಯ ಗಾಯನ ಸಮಾಜದಂಥ ಕಡೆ ಎದುರಿಗೆ ಕುಳಿತು ಕಚೇರಿ ಕೇಳುವುದು ಇನ್ನೂ ಒಳ್ಳೆಯದು.

ಇಯರ್‌ಫೋನ್ ಬೇಡವೇ ಬೇಡ ಎಂದಲ್ಲ. ವಾಲ್ಯೂಮ್ ಅರ್ಧಕ್ಕಿಂತ ಸ್ವಲ್ಪ ಮೇಲೆ, ಅಷ್ಟೇ ಇರಲಿ. ಗಂಟೆಗೊಮ್ಮೆ ಕಿವಿಗೆ ಬಿಡುವು ಕೊಡಿ. ತೆಗೆದ ಮೇಲೂ ಗುಂಯ್ ಎಂಬ ಸದ್ದು ನಿಲ್ಲದಿದ್ದರೆ ಬೆಳ್ಳುಳ್ಳಿ ಹಾಕಿ ಕಾಯಿಸಿದ ಎಣ್ಣೆ ಬಿಡಬೇಡಿ, ಕಿವಿ ವೈದ್ಯರಿಗೆ ತೋರಿಸಿ. ಸ್ಪೀಕರಿನ ಸದ್ದು ಪಕ್ಕದ ಮನೆಗೆ ದಾಟಬಾರದು. 2000ದ ಶಬ್ದಮಾಲಿನ್ಯ ನಿಯಮದಂತೆ ವಸತಿ ಪ್ರದೇಶದಲ್ಲಿ ರಾತ್ರಿ 10ರಿಂದ ಬೆಳಗಿನ 6ರವರೆಗೆ ಮಿತಿ 45 ಡೆಸಿಬಲ್ ಮಾತ್ರ.

ಹೊಸ ಹಾಡು ಮುಂದಿನ ಶುಕ್ರವಾರವೂ ಬರುತ್ತದೆ. ಅದನ್ನು ಕೇಳಲು ಕಿವಿ ಉಳಿದಿರಬೇಕು, ಜೊತೆಗೆ ಕೂರಲು ಮನೆಯವರೂ ಇರಬೇಕು.