ಕಲಬೆರಕೆ ಯಾರ ಕನ್ನಡ?

ಗಡಿಯಾಚೆಯ ಕನ್ನಡ ಸಂಘಗಳ ಸಮ್ಮೇಳನಗಳಲ್ಲಿ ಒಂದು ಹಿತವಚನ ತಪ್ಪದೆ ಕೇಳಿಬರುತ್ತದೆ. ಆಹ್ವಾನಿತ ವಿದ್ವಾಂಸರು ನಮ್ಮ ಭಾಷಾಭಿಮಾನವನ್ನು ಮನಸಾರೆ ಹೊಗಳುತ್ತಾರೆ. ಮರುಕ್ಷಣವೇ, ನಿಮ್ಮ ಕನ್ನಡ ಮರಾಠಿಯೊಡನೆ ಬೆರೆತು ಕೆಟ್ಟಿದೆ, ಅದನ್ನು ಶುದ್ಧಗೊಳಿಸಿಕೊಳ್ಳಿ ಎನ್ನುತ್ತಾರೆ. ಸೊಲ್ಲಾಪುರ, ಅಕ್ಕಲಕೋಟೆ, ಜತ್ತ ಸೀಮೆಯ ನಾವು ತಲೆ ತಗ್ಗಿಸಿ ಕೇಳಿಕೊಳ್ಳುತ್ತೇವೆ. ನಮ್ಮ ಮಕ್ಕಳು ತಮ್ಮ ಮನೆಮಾತು ಹೀನವೆಂದು ಬಗೆದು ಸಭೆಯಲ್ಲಿ ಬಾಯಿ ತೆರೆಯಲು ಅಂಜುತ್ತಾರೆ. ಈ ತೀರ್ಪು ಸರಿಯಲ್ಲ; ಅದರ ಹಿಂದಿರುವ ಅಳತೆಗೋಲೇ ಸರಿಯಲ್ಲ ಎಂಬುದು ನಮ್ಮ ವಾದ.

ಆ ಅಳತೆಗೋಲು ಪದಗಳನ್ನು ಮಾತ್ರ ಎಣಿಸುತ್ತದೆ. ಭಾಷೆಯೆಂದರೆ ಪದಗಳ ಮೂಟೆ, ವ್ಯಾಕರಣವೆಂದರೆ ಪ್ರತ್ಯಯಗಳ ಪಟ್ಟಿ ಎಂಬ ನಂಬಿಕೆಯೇ ಅದರ ಬೇರು. ಈ ನಂಬಿಕೆಯನ್ನು ಪ್ರಶ್ನಿಸುವ ವಿಚಾರಧಾರೆಯೊಂದು ಭಾಷಾಶಾಸ್ತ್ರದಲ್ಲಿ ಕಳೆದ ಕೆಲವು ದಶಕಗಳಿಂದ ಬೆಳೆದುಬಂದಿದೆ. ಅದರ ಹೆಸರು ಕನ್‌ಸ್ಟ್ರಕ್ಷನ್ ಗ್ರಾಮರ್. ನಾವು ರಚನಾ ವ್ಯಾಕರಣ ಎನ್ನೋಣ. ಅಮೆರಿಕದ ಚಾರ್ಲ್ಸ್ ಫಿಲ್‌ಮೋರ್, ಪಾಲ್ ಕೇ ಮೊದಲಾದವರು ಅದಕ್ಕೆ ಅಡಿಪಾಯ ಹಾಕಿದರು. ಅಡೆಲ್ ಗೋಲ್ಡ್‌ಬರ್ಗ್ ಅವರ 1995ರ ಗ್ರಂಥ ಅದನ್ನು ವಿಸ್ತರಿಸಿತು. ಅದರ ತಿರುಳು ಸರಳವಾದುದು. ಪದಕ್ಕೆ ಅರ್ಥವಿರುವಂತೆಯೇ ಪದಗಳು ಕೂಡಿ ನಿಲ್ಲುವ ರಚನೆಗೂ ತನ್ನದೇ ಆದ ಅರ್ಥವಿದೆ. ಭಾಷೆಯನ್ನು ಬಲ್ಲವನು ಪದಗಳ ಜೊತೆಗೆ ಇಂತಹ ರಚನೆಗಳನ್ನೂ ಬಲ್ಲವನಾಗಿರುತ್ತಾನೆ.

‘ನನಗೆ ಕನ್ನಡ ಬರುತ್ತದೆ’ ಎಂಬ ವಾಕ್ಯವನ್ನು ನೋಡಿ. ನಮ್ಮ ಶಾಲಾ ವ್ಯಾಕರಣದ ಪ್ರಕಾರ ‘ಕನ್ನಡ’ ಕರ್ತೃಪದ, ‘ಬರುತ್ತದೆ’ ಕ್ರಿಯಾಪದ, ‘ನನಗೆ’ ಚತುರ್ಥೀ ವಿಭಕ್ತಿ, ಅಂದರೆ ಸಂಪ್ರದಾನ. ಹಾಗಾದರೆ ಕನ್ನಡ ಎಲ್ಲಿಂದ ಬರುತ್ತದೆ? ಯಾರು ಯಾರಿಗೆ ಏನನ್ನು ದಾನ ಮಾಡಿದರು? ಜಾಣ ವಿದ್ಯಾರ್ಥಿ ಕೇಳಿದರೆ ಉಪಾಧ್ಯಾಯನಲ್ಲಿ ಉತ್ತರವಿಲ್ಲ. ‘ತಿಳಿದಿದೆ’ ಎಂಬ ಅರ್ಥ ‘ಬರು’ ಧಾತುವಿನಲ್ಲಿಲ್ಲ, ‘ಗೆ’ ಪ್ರತ್ಯಯದಲ್ಲಿಯೂ ಇಲ್ಲ. ಅದು ಇಡೀ ರಚನೆಯಲ್ಲಿದೆ. ನೆರೆಯ ಮರಾಠಿ ‘ಮಲಾ ಮರಾಠೀ ಯೇತೇ’ ಎನ್ನುತ್ತದೆ. ಸೊಲ್ಲಾಪುರದ ನೇಕಾರರ ಓಣಿಗಳ ತೆಲುಗು ‘ನಾಕು ತೆಲುಗು ವಚ್ಚು’ ಎನ್ನುತ್ತದೆ. ಪದಗಳು ಬೇರೆ ಬೇರೆ, ಕುಲವೂ ಒಂದಲ್ಲ, ಆದರೆ ಅಚ್ಚು ಒಂದೇ. ಕನ್ನಡದ ಒಡಹುಟ್ಟಾದ ತಮಿಳಾದರೋ ‘ಎನಕ್ಕು ತಮಿಳ್ ತೆರಿಯುಂ’ ಎನ್ನುತ್ತದೆ. ಅಲ್ಲಿ ‘ನನಗೆ’ ಉಳಿದಿದೆ, ‘ಬರುವುದು’ ಇಲ್ಲ. ಪದಕೋಶಗಳನ್ನು ಪಕ್ಕಪಕ್ಕದಲ್ಲಿಟ್ಟರೆ ಕಾಣದ ಈ ನಂಟು ರಚನೆಗಳನ್ನು ಹೋಲಿಸಿದಾಗ ತಾನಾಗಿ ಕಾಣುತ್ತದೆ.

ಫಿಲ್‌ಮೋರ್ ಮತ್ತು ಸಂಗಡಿಗರು 1988ರಲ್ಲಿ ಪ್ರಕಟಿಸಿದ ಪ್ರಸಿದ್ಧ ಲೇಖನವು ಇಂಗ್ಲಿಷಿನ ‘ಲೆಟ್ ಅಲೋನ್’ ಎಂಬ ಒಂದೇ ನುಡಿಗಟ್ಟನ್ನು ಕುರಿತದ್ದು. ‘ಹಾಲಿರಲಿ, ನೀರೂ ಸಿಗಲಿಲ್ಲ’ ಎಂಬ ನಮ್ಮ ಮಾತು ಮಾಡುವುದೂ ಅದೇ ಕೆಲಸವನ್ನೇ. ಇಂಗ್ಲಿಷಿನವನು ನೀರನ್ನು ಮೊದಲು ಹೇಳಿ ಹಾಲನ್ನು ಕೊನೆಗಿಡುತ್ತಾನೆ. ನಾವು ಹಾಲನ್ನು ಮೊದಲು ಬದಿಗಿರಿಸಿ, ನೀರಿಗೆ ‘ಊ’ ಸೇರಿಸಿ ಮುಗಿಸುತ್ತೇವೆ. ಮರಾಠಿಯ ‘ದೂಧ್ ತರ್ ಸೋಡಾಚ್, ಪಾಣೀಹೀ ಮಿಳಾಲಂ ನಾಹೀ’ ಎಂಬುದು ನಮ್ಮದೇ ದಾರಿಯನ್ನು ಹಿಡಿದಿದೆ. ಇಷ್ಟು ಸೊಗಸಾದ ಹೋಲಿಕೆ ನಮ್ಮ ಮಕ್ಕಳ ನಾಲಗೆಯ ಮೇಲೆಯೇ ಇರುವಾಗ ಅದಕ್ಕೆ ಯಾವ ಪಠ್ಯಪುಸ್ತಕದಲ್ಲಿ ಸ್ಥಾನವಿದೆ?

ಗಡಿಯ ಮಾತು ಕೆಟ್ಟಿದೆ ಎನ್ನುವವರು ಸಾಂಗಲಿ ಜಿಲ್ಲೆಯ ಕುಪವಾಡದ ಕಥೆಯನ್ನು ಓದಬೇಕು. ಅಲ್ಲಿ ಕನ್ನಡ, ಮರಾಠಿ, ಉರ್ದುಗಳು ತಲೆತಲಾಂತರದಿಂದ ಒಂದೇ ಊರಿನಲ್ಲಿ ಬಾಳಿವೆ. ಜಾನ್ ಗಂಪರ್ಜ್ ಮತ್ತು ರಾಬರ್ಟ್ ವಿಲ್ಸನ್ 1971ರಲ್ಲಿ ಪ್ರಕಟಿಸಿದ ಅಧ್ಯಯನವು, ಅಲ್ಲಿನ ವಾಕ್ಯರಚನೆಗಳು ಪದಕ್ಕೆ ಪದವಿಟ್ಟು ಅನುವಾದಿಸಬಹುದಾದಷ್ಟು ಹತ್ತಿರವಾಗಿವೆ, ಆದರೆ ಪ್ರತಿಯೊಂದು ಭಾಷೆಯೂ ತನ್ನ ಪದಸಂಪತ್ತನ್ನು ಬೇರೆಯಾಗಿಯೇ ಉಳಿಸಿಕೊಂಡಿದೆ ಎಂದು ತೋರಿಸಿತು. ಇದು ಕನ್ನಡದ ಸೋಲೇ? ಅಲ್ಲಿನ ಮರಾಠಿ, ಉರ್ದುಗಳು ಕನ್ನಡದ ಜಾಡು ಹಿಡಿದು, ಮನುಷ್ಯರಲ್ಲದ ವಸ್ತುಗಳಿಗೆ ಗಂಡು ಹೆಣ್ಣೆಂಬ ಲಿಂಗಭೇದವನ್ನು ಬಿಟ್ಟುಕೊಟ್ಟಿವೆ. ಕನ್ನಡವು ‘ಇದು ನಮ್ಮ ಮನೆ’ ಎಂಬಲ್ಲಿ ಮರಾಠಿಯಂತೆ ಕೊನೆಗೊಂದು ಕ್ರಿಯಾಪದವನ್ನು ಸೇರಿಸಿಕೊಂಡಿದೆ. ಕೊಟ್ಟದ್ದೂ ಉಂಟು, ಕೊಂಡದ್ದೂ ಉಂಟು. ಇದನ್ನು ನೆರೆಹೊರೆಯ ಕೊಡುಕೊಳ್ಳುವಿಕೆ ಎನ್ನಬೇಕೇ ಹೊರತು ಕಲಬೆರಕೆ ಎನ್ನಬಾರದು.

ಕಲಬೆರಕೆಯನ್ನು ನೋಡಬೇಕೆಂದರೆ ಬೇರೆ ಕಡೆ ನೋಡೋಣ. ‘ನಾನು ಇಬ್ಬರು ಮಕ್ಕಳನ್ನು ಹೊಂದಿದ್ದೇನೆ’ ಎಂಬ ವಾಕ್ಯ ಇಂದು ಅರ್ಜಿಗಳಲ್ಲಿ, ಪತ್ರಿಕೆಗಳಲ್ಲಿ, ಪಾಠಗಳಲ್ಲಿಯೂ ಕಾಣುತ್ತದೆ. ಅದರಲ್ಲಿ ಪರಭಾಷೆಯ ಪದ ಒಂದೂ ಇಲ್ಲ. ಆದರೆ ರಚನೆ ಪೂರ್ತಿ ಇಂಗ್ಲಿಷಿನದು. ‘ನನಗೆ ಇಬ್ಬರು ಮಕ್ಕಳು’ ಎಂಬ ಜೀವಂತ ಕನ್ನಡವನ್ನು ಅದು ಹಿಂದಕ್ಕೆ ತಳ್ಳುತ್ತಿದೆ. ನಮ್ಮ ಊರಿನ ಮುದುಕಿ ‘ನನಗ ಟೈಮ ಇಲ್ಲ’ ಎಂದರೆ ಪದ ಪರಕೀಯ, ರಚನೆ ಅಪ್ಪಟ ಕನ್ನಡ. ಇವೆರಡರಲ್ಲಿ ಯಾವುದು ಕೆಟ್ಟ ಕನ್ನಡ? ಬಾಯಿಂದ ಬಾಯಿಗೆ ಹರಿದು ಬಂದುದು ಬೇರೆ, ಭಾಷಾಂತರದ ಮೇಜಿನಿಂದ ಇಳಿದುದು ಬೇರೆ.

ಹೀಗೆ ಹೇಳಿದರೆ ತಪ್ಪು ಒಪ್ಪುಗಳೇ ಇಲ್ಲವಾಗುತ್ತವೆ ಎಂದು ಕೆಲವರು ಆಕ್ಷೇಪಿಸಿಯಾರು. ಪದ ಎಣಿಸುವವರ ಕಣ್ಣಿಗೆ ಬೀಳದೆ ನುಸುಳಿದ ‘ಹೊಂದಿದ್ದೇನೆ’ಯನ್ನು ಹಿಡಿದುಕೊಟ್ಟದ್ದು ರಚನೆಯ ವಿಚಾರವೇ ಎಂಬುದನ್ನು ಅವರು ನೆನೆಯಲಿ. ಇದು ಪರದೇಶದ ಸರಕು ಎನ್ನುವವರಿಗೆ ಕೇಶಿರಾಜನೇ ಉತ್ತರ. ಹದಿಮೂರನೆಯ ಶತಮಾನದ ‘ಶಬ್ದಮಣಿದರ್ಪಣ’ದಲ್ಲಿ ಅವನು ಗಮಕಸಮಾಸ, ಸತಿಸಪ್ತಮಿಗಳನ್ನು ಕನ್ನಡದ ವಿಶೇಷಗಳ ಸಾಲಿನಲ್ಲಿ ಎಣಿಸಿದ. ‘ಸೂರ್ಯನು ಮುಳುಗಲು ಹಕ್ಕಿಗಳು ಗೂಡು ಸೇರಿದವು’ ಎಂಬಂತಹ ಸತಿಸಪ್ತಮಿ ಒಂದು ಪ್ರತ್ಯಯದ ಮಾತಲ್ಲ, ಎರಡು ವಾಕ್ಯಗಳನ್ನು ಬೆಸೆಯುವ ರಚನೆ. ಒಂದು ಭಾಷೆಗೆಂದು ಹೊಲಿದ ಅಂಗಿಯನ್ನು ಇನ್ನೊಂದು ಭಾಷೆಗೆ ತೊಡಿಸಬಾರದು, ಆಯಾ ಭಾಷೆಯ ವರ್ಗಗಳನ್ನು ಆಯಾ ಭಾಷೆಯ ರಚನೆಗಳಿಂದಲೇ ಕಾಣಬೇಕು ಎಂಬುದು ವಿಲಿಯಂ ಕ್ರಾಫ್ಟ್ 2001ರ ತಮ್ಮ ಗ್ರಂಥದಲ್ಲಿ ಮಂಡಿಸಿದ ವಾದ. ಸಂಸ್ಕೃತದ ಕಾರಕಗಳಲ್ಲಿ, ಆಮೇಲೆ ಇಂಗ್ಲಿಷಿನ ‘ಸಬ್ಜೆಕ್ಟ್’ನಲ್ಲಿ ಸಿಕ್ಕಿಕೊಂಡ ಕನ್ನಡಕ್ಕೆ ಇದಕ್ಕಿಂತ ಅನುಕೂಲವಾದ ವಾದ ಬೇರೆ ಯಾವುದಿದೆ?

ವಿಭಕ್ತಿಗಳ ಪಾಠ ಬೇಡವೆಂದು ನಾವು ಹೇಳುತ್ತಿಲ್ಲ. ಬಿಡಿಭಾಗಗಳ ಹೆಸರು ಗೊತ್ತಿರಲೇಬೇಕು. ಆದರೆ ಬಿಡಿಭಾಗಗಳ ಪಟ್ಟಿಯೇ ಗಾಡಿಯಾಗದು. ನಾವು ಕೇಳುವುದು ಇಷ್ಟೇ. ಗಡಿಯ ಕನ್ನಡ ಶಾಲೆಗಳ ವ್ಯಾಕರಣ ತರಗತಿಯಲ್ಲಿ ಕಪ್ಪುಹಲಗೆಯ ಮೇಲೆ ಕನ್ನಡ ಮತ್ತು ಮರಾಠಿ ವಾಕ್ಯಗಳು ಅಕ್ಕಪಕ್ಕದಲ್ಲಿ ನಿಲ್ಲಲಿ; ಯಾವುದು ಕೂಡುತ್ತದೆ, ಯಾವುದು ಅಗಲುತ್ತದೆ ಎಂದು ಮಕ್ಕಳೇ ಹೇಳಲಿ. ಎರಡು ಭಾಷೆ ಬಲ್ಲ ಮಗು ಈ ಪಾಠದಲ್ಲಿ ಹಿಂದೆ ಬೀಳುವುದಿಲ್ಲ, ಒಂದನ್ನೇ ಬಲ್ಲವರಿಗಿಂತ ಮುಂದಿರುತ್ತದೆ. ನಮ್ಮ ಸಂಘಗಳು ಅಪರೂಪದ ಪದಗಳನ್ನು ಕೂಡಿಹಾಕುವುದರ ಜೊತೆಗೆ ಸೀಮೆಯ ಹಿರಿಯರ ವಾಕ್ಯಗಳನ್ನು, ಅವು ಹೇಗಿವೆಯೋ ಹಾಗೆಯೇ, ಬರೆದಿಡಲಿ. ಮುಂದಿನ ಸಮ್ಮೇಳನಕ್ಕೆ ಬರುವ ಅತಿಥಿಗಳು ನಮ್ಮ ಕನ್ನಡವನ್ನು ತಿದ್ದುವ ಮುನ್ನ ಅದನ್ನು ಒಮ್ಮೆ ಕಿವಿಗೊಟ್ಟು ಕೇಳಲಿ.