ಐದು ದಿನದ ಸೇವೆಗೂ ಸಿದ್ಧತೆ ಬೇಕು

ಸ್ವಯಂಸೇವೆಗೆ ಹೋದವರನ್ನು ಹೊಗಳುವುದು ನಮ್ಮಲ್ಲಿ ವಾಡಿಕೆ. ಹೋಗಿ ಏನು ಮಾಡಿದರು ಎಂದು ಕೇಳುವವರು ಕಡಿಮೆ. ನೆರೆ ಬಂದಾಗ ಲಾರಿಗಟ್ಟಲೆ ಹಳೆಬಟ್ಟೆ ಹೋಗುತ್ತದೆ, ವಿದ್ಯಾರ್ಥಿಗಳ ತಂಡಗಳು ಹೋಗುತ್ತವೆ, ಫೋಟೊಗಳು ಬರುತ್ತವೆ. ಆ ಊರಿನ ಮನೆಗಳು ಎದ್ದವೇ ಎಂಬ ಪ್ರಶ್ನೆ ಹಾಗೇ ಉಳಿದುಬಿಡುತ್ತದೆ. ಅಂಥ ಒಂದು ತಂಡದಲ್ಲಿ ನಾನೂ ಇದ್ದೆ. ಹಾಗಾಗಿ ಈ ಪ್ರಶ್ನೆಯನ್ನು ಹೊರಗೆ ನಿಂತು ಕೇಳುತ್ತಿಲ್ಲ.

2019ರ ಆಗಸ್ಟ್‌ನಲ್ಲಿ ಕೃಷ್ಣಾ, ಘಟಪ್ರಭಾ, ಮಲಪ್ರಭಾ ಮೂರೂ ಉಕ್ಕಿ ಹರಿದವು. ನವಿಲುತೀರ್ಥ ಜಲಾಶಯದಿಂದ ಬಿಟ್ಟ ನೀರು ರಾಮದುರ್ಗ ತಾಲ್ಲೂಕಿನ ನದಿದಂಡೆಯ ಊರುಗಳಿಗೆ ನುಗ್ಗಿತು. ಆಗ ನಾನು ಮಂಗಳೂರಿನಲ್ಲಿ ಪ್ರಥಮ ಪಿಯುಸಿ ಓದುತ್ತಿದ್ದೆ. ನಮ್ಮ ಚರ್ಚಿನ ಯುವಜನರು ಕ್ರಿಸ್‌ಮಸ್ ಹಬ್ಬ ಮುಗಿಸಿಕೊಂಡು ಅಲ್ಲಿನ ಒಂದು ಹಳ್ಳಿಗೆ ಮನೆ ಕಟ್ಟಲು ಹೊರಟರು. 22 ಮಂದಿ, ಐದು ದಿನ. ಕರಣೆ ಹಿಡಿದು ಅಭ್ಯಾಸವಿದ್ದವರು ನಮ್ಮಲ್ಲಿ ಒಬ್ಬರೂ ಇರಲಿಲ್ಲ.

ಆ ಭಾಗದ ಹಳೆಯ ಮನೆಗಳದ್ದು ಕಲ್ಲು, ಮಣ್ಣಿನ ದಪ್ಪ ಗೋಡೆ. ಮೇಲೆ ತೊಲೆ, ಜಂತಿ, ಅದರ ಮೇಲೆ ಮಣ್ಣು ಹಾಸಿದ ಮಾಳಿಗೆ. ಬೇಸಿಗೆಗೆ ತಂಪಾದ ಮನೆ. ಆದರೆ ನೀರು ದಿನಗಟ್ಟಲೆ ನಿಂತರೆ ಗೋಡೆಯ ಮಣ್ಣು ಕರಗುತ್ತದೆ, ಮಾಳಿಗೆಯ ಭಾರ ಹಾಗೇ ಇರುತ್ತದೆ. ನದಿ ಇಳಿದ ಮೇಲೆ, ಜನ ಮನೆಗೆ ಮರಳುವ ಹೊತ್ತಿಗೆ ಬಿದ್ದ ಮನೆಗಳೂ ಇದ್ದವು. ಇದನ್ನೆಲ್ಲ ನಮಗೆ ತಿಳಿಸಿ ಹೇಳಿದವರು ಊರಿನ ಗೌಂಡಿ ಕಾಕಾ. ಅದು ಎರೆಮಣ್ಣಿನ ನೆಲ. ಮಳೆಗೆ ಉಬ್ಬಿ, ಬಿಸಿಲಿಗೆ ಬಿರುಕು ಬಿಡುತ್ತದೆ. ಪಾಯ ಆಳಕ್ಕೆ ಇಳಿಯದಿದ್ದರೆ ಹೊಸ ಗೋಡೆಯೂ ಸೀಳುತ್ತದೆ. ಆ ಪಾಯವನ್ನು ನಾವು ಹೋಗುವುದರೊಳಗೆ ಅವರೇ ಮುಗಿಸಿಟ್ಟಿದ್ದರು.

ನಮ್ಮ ಪಾಲಿಗೆ ಬಂದದ್ದು ಚಿಲ್ಲರೆ ಕೆಲಸ. ಬಿದ್ದ ಗೋಡೆಯ ಮಣ್ಣು ಎತ್ತಿಹಾಕಿದೆವು. ಮತ್ತೆ ಬಳಸಬಹುದಾದ ಕಲ್ಲು, ತೊಲೆಗಳನ್ನು ಬೇರೆ ಮಾಡಿದೆವು. ಇಟ್ಟಿಗೆಯನ್ನು ನೀರಿನಲ್ಲಿ ನೆನೆಸಿ ಸಾಲಾಗಿ ನಿಂತು ಕೈಯಿಂದ ಕೈಗೆ ದಾಟಿಸಿದೆವು. ಮೊದಲ ದಿನ ಒಬ್ಬ ಗೆಳೆಯ ಮೊಬೈಲ್ ತೆಗೆದಾಗ ಕಾಕಾ, ‘ಫೋಟೋ ಆಮ್ಯಾಗ ತಗೀತಮ್ಮಾ, ಮೊದಲ ಇಟ್ಟಂಗಿ ಕೊಡು’ ಎಂದರು. ಸಿಮೆಂಟಿನ ಗೋಡೆಗೆ ಕನಿಷ್ಠ ಏಳು ದಿನ ನೀರುಣಿಸಬೇಕು ಎಂದೂ ಅವರೇ ಹೇಳಿದ್ದು. ಐದು ದಿನಕ್ಕೆಂದು ಹೋದ ನಾವು ಲೆಕ್ಕ ಹಾಕಿ ನೋಡಿದೆವು: ಒಂದು ಗೋಡೆ ಗಟ್ಟಿಯಾಗುವಷ್ಟು ದಿನವೂ ನಾವು ಅಲ್ಲಿ ಇರುವವರಲ್ಲ. ನೀರು ಹಾಕುವ ಕೆಲಸ ಮನೆಯ ಯಜಮಾನಿ ಅಜ್ಜಿಯ ಪಾಲಿಗೇ ಉಳಿಯಿತು.

ಹಾಗಾದರೆ ಹೋಗಿದ್ದು ದಂಡವೇ? 22 ಮಂದಿಯ ಬಸ್ ಖರ್ಚನ್ನು ಹಾಗೇ ಕಳಿಸಿದ್ದರೆ ಗೌಂಡಿಗೆ ಹಲವು ದಿನಗಳ ಕೂಲಿ ಆಗುತ್ತಿತ್ತಲ್ಲ ಎಂದು ಕೇಳುವವರಿದ್ದಾರೆ. ನ್ಯಾಯವಾದ ಪ್ರಶ್ನೆ. ಆದರೆ ನಾವು ಮರಳಿ ಬಂದು ಕಂಡದ್ದನ್ನು ಹೇಳಿದ ಮೇಲೆಯೇ ನಮ್ಮೂರಿನಲ್ಲಿ ಚಾವಣಿಗೆ ಬೇಕಾದ ಹಣ ಕೂಡಿತು. ಅದಕ್ಕಿಂತ ದೊಡ್ಡ ಉತ್ತರ ಆ ಅಜ್ಜಿಯ ಮನೆಯ ಕಾಗದಪತ್ರಗಳಲ್ಲಿತ್ತು.

ಆ ವರ್ಷ ಸರ್ಕಾರ ಪೂರ್ತಿ ಕುಸಿದ ‘ಎ’ ವರ್ಗದ ಮನೆಗೆ 5 ಲಕ್ಷ ರೂಪಾಯಿ, ಅಲ್ಪ ಹಾನಿಯ ‘ಸಿ’ ವರ್ಗಕ್ಕೆ 50 ಸಾವಿರ ರೂಪಾಯಿ ಘೋಷಿಸಿತ್ತು. ಹಿಂದಿನ ಗೋಡೆಯೇ ಇಲ್ಲದ ಅಜ್ಜಿಯ ಮನೆ ಪಟ್ಟಿಯಲ್ಲಿ ‘ಸಿ’ ಎಂದಿತ್ತು. ಮನೆಯ ದಾಖಲೆ ತೀರಿಹೋದ ಗಂಡನ ಹೆಸರಿನಲ್ಲಿತ್ತು. ಆಧಾರ್‌ನಲ್ಲಿ ಒಂದು ಹೆಸರು, ಬ್ಯಾಂಕ್ ಪಾಸ್‌ಬುಕ್‌ನಲ್ಲಿ ಇನ್ನೊಂದು. ನಮ್ಮ ತಂಡದ ವಾಣಿಜ್ಯ ವಿಭಾಗದ ಅಕ್ಕ ಒಬ್ಬಳು ಮೂರು ದಿನ ಇಟ್ಟಿಗೆ ಮುಟ್ಟಲೇ ಇಲ್ಲ. ಅಜ್ಜಿಯ ಜೊತೆ ಕೂತು ಅರ್ಜಿ ಬರೆದಳು, ಫೋಟೊ ಲಗತ್ತಿಸಿದಳು, ಕಚೇರಿಗೆ ಹೋಗಿ ಸ್ವೀಕೃತಿ ಪಡೆದಳು. ಕೆಲವು ತಿಂಗಳ ಬಳಿಕ ಮರುಪರಿಶೀಲನೆಯಾಗಿ ಮನೆಯ ವರ್ಗ ಬದಲಾಯಿತೆಂದು ಫೋನ್ ಬಂತು. ನಾವೆಲ್ಲ ಸೇರಿ ಹೊತ್ತ ಇಟ್ಟಿಗೆಗಿಂತ ಆ ಒಂದು ಅರ್ಜಿಯ ತೂಕ ಹೆಚ್ಚಿತ್ತು.

ಇನ್ನೊಂದು ಮಾತನ್ನೂ ಮುಚ್ಚಿಡದೆ ಹೇಳಬೇಕು. ಚರ್ಚಿನವರು ಎಂದಾಗ ಊರಿನ ಹಿರಿಯರೊಬ್ಬರು, ‘ಮನೀ ಕಟ್ಟಾಕ ಬಂದೀರೋ, ಮತ್ತೇನರ ಐತೋ?’ ಎಂದು ನೇರವಾಗಿ ಕೇಳಿದರು. ಕೇಳಿದ್ದು ಒಳ್ಳೆಯದೇ ಆಯಿತು. ಮನೆ ಕಳೆದುಕೊಂಡವರು ‘ಬೇಡ’ ಎನ್ನುವ ಸ್ಥಿತಿಯಲ್ಲಿ ಇರುವುದಿಲ್ಲ. ಆದ್ದರಿಂದ ನೆರವು ಕೊಡುವವರು, ಅವರು ಯಾವ ಧರ್ಮದವರೇ ಆಗಲಿ, ಯಾವ ಪಕ್ಷದವರೇ ಆಗಲಿ, ತಮ್ಮ ಬ್ಯಾನರ್ ಊರ ಹೊರಗೇ ಇಟ್ಟು ಬರಬೇಕು. ನಮ್ಮ ತಂಡಕ್ಕೆ ಆ ನಿಯಮ ಹೊರಡುವ ಮೊದಲೇ ಇತ್ತು. ಬೆಳಗಿನ ಪ್ರಾರ್ಥನೆ ನಾವು ಉಳಿದಿದ್ದ ಶಾಲೆಯ ಕೋಣೆಯೊಳಗೆ ಮುಗಿಯುತ್ತಿತ್ತು. ಮೂರನೇ ದಿನ ಅದೇ ಹಿರಿಯರು ನಮಗೆಲ್ಲ ರೊಟ್ಟಿ ಬುತ್ತಿ ಕಳಿಸಿದರು.

ರಾಜ್ಯದ ಕಾಲೇಜುಗಳಲ್ಲಿ ಇಂಥ ಕೆಲಸಕ್ಕೆ ವ್ಯವಸ್ಥೆ ಆಗಲೇ ಇದೆ. 1969ರಲ್ಲಿ ಆರಂಭವಾದ ರಾಷ್ಟ್ರೀಯ ಸೇವಾ ಯೋಜನೆಯಲ್ಲಿ ಎರಡು ವರ್ಷಕ್ಕೆ 240 ಗಂಟೆಗಳ ಸೇವೆಯ ಜೊತೆಗೆ ಏಳು ದಿನಗಳ ವಿಶೇಷ ಶಿಬಿರವೂ ಇದೆ. ಆ ಗಂಟೆಗಳಲ್ಲಿ ಒಂದಿಷ್ಟನ್ನು ಕಲಿಕೆಗೆ ಮೀಸಲಿಟ್ಟರೆ ಸಾಕು. ಗೌಂಡಿಯೊಬ್ಬರನ್ನು ಕಾಲೇಜಿಗೆ ಕರೆಸಿ ಗಾರೆ ಕಲಸುವುದು, ತೂಗುಗುಂಡು ಹಿಡಿಯುವುದನ್ನು ಕಲಿಸಲಿ. ಪರಿಹಾರದ ಅರ್ಜಿ, ವಾರಸಾ ದಾಖಲೆ ಎಂದರೇನು ಎಂದು ತಿಳಿದವರಿಂದ ಹೇಳಿಸಲಿ. ಮೊದಲ ವಾರದಲ್ಲೇ ನುಗ್ಗದೆ, ಕ್ಯಾಮೆರಾಗಳೆಲ್ಲ ಹೋದ ಮೂರನೆಯ, ನಾಲ್ಕನೆಯ ತಿಂಗಳಿಗೆ ತಂಡ ಹೋಗಲಿ. ಏನು ಬೇಕೆಂದು ಊರಿನವರನ್ನು ಮೊದಲೇ ಫೋನ್ ಮಾಡಿ ಕೇಳಲಿ. ಬಂದ ಮೇಲೂ ಒಂದು ವರ್ಷ ಆ ಮನೆಯ ಬೆನ್ನು ಹತ್ತುವ ಹೊಣೆಯನ್ನು ಒಬ್ಬರಿಗೆ ವಹಿಸಲಿ.

ಈಗ ನಾನು ಪದವಿ ಮುಗಿಸಿ ಕೆಲಸ ಹುಡುಕುತ್ತಿದ್ದೇನೆ. ರೆಸ್ಯೂಮೆಯಲ್ಲಿ ‘ಸ್ವಯಂಸೇವೆ’ ಎಂಬ ಸಾಲು ತುಂಬಿಸಲು ಶಿಬಿರ ಹುಡುಕುವ ಗೆಳೆಯರು ಸುತ್ತಲೂ ಇದ್ದಾರೆ. ಹೋಗಬೇಡಿ ಎಂದು ಅವರಿಗೆ ನಾನು ಹೇಳಲಾರೆ. ಹೋಗುವ ಮುನ್ನ ಒಂದು ಕೆಲಸ ಕಲಿತು ಹೋಗಿ ಎನ್ನುತ್ತೇನೆ. ಸಂದರ್ಶನದಲ್ಲಿ ಯಾರಾದರೂ ‘ಅಲ್ಲಿ ಏನು ಮಾಡಿದಿರಿ?’ ಎಂದು ಕೇಳಿದರೆ ಹೇಳಲು ಒಂದು ಮಾತು ಇರುತ್ತದೆ. ಅದಕ್ಕೂ ಮೊದಲು, ಆ ಊರಿನ ಒಂದು ಮನೆಗೆ ಅದರಿಂದ ಪ್ರಯೋಜನ ಆಗಿರುತ್ತದೆ.